ಸೈಗಾನ್‌ನಲ್ಲಿ ಹುಣ್ಣಿಮೆ

ಶುಕ್ರವಾರ

ವಿಜಯದಶಮಿಯ ಪಾಯಸ ಉಂಡು, ರಾತ್ರಿ ಬೆಂಗಳೂರಿನಲ್ಲಿ ವಿಮಾನ ಹತ್ತಿ, ಬೆಳಗ್ಗೆ ವಿಯೆಟ್ನಾಮಿನ ಹೋ ಚಿ ಮಿನ್ಹ್ ಸಿಟಿಯಲ್ಲಿ, ಅಂದರೆ ಹಳೇ ಸೈಗಾನ್‌ನಲ್ಲಿ, ಇಳಿದೆವು. ನಾವು ಅಂದರೆ ನಾನು, ಅಕ್ಕ, ಭಾವ. ಭಾವನದ್ದು ಕೊಪ್ಪದ ಹತ್ತಿರ ಅಡಿಕೆ ತೋಟ. ನಡುನಡುವೆ ಕಾಫಿ, ಮರಕ್ಕೆಲ್ಲ ಮೆಣಸಿನ ಬಳ್ಳಿ. ಈ ಊರು ನೋಡಬೇಕು ಅನ್ನೋದು ಅಕ್ಕನ ಆಸೆ. ಭಾವ ಹೊರಟ ಕಾರಣವೇ ಬೇರೆ. ಮಲೆನಾಡಿನಲ್ಲಿ ಮೆಣಸಿನ ರೇಟು ಬಿದ್ದಾಗಲೆಲ್ಲ ಜನ ಬೈಯುವುದು ವಿಯೆಟ್ನಾಂ ಅನ್ನೇ. "ನಮ್ಮ ಹೊಟ್ಟೆ ಮೇಲೆ ಹೊಡೆದೋರ ಮುಖ ಒಂದ್ಸಲ ನೋಡ್ಕೊಂಡು ಬರೋಣ ಮಾರಾಯ್ತಿ" ಅಂತ ಹೇಳಿಕೊಂಡೇ ಬಟ್ಟೆ ತುಂಬಿಸಿಕೊಂಡಿದ್ದರು. ಮಳೆ ಕಡಿಮೆಯಾಗಿ, ಅಡಿಕೆ ಕೊಯ್ಲು ಶುರುವಾಗುವ ಮುಂಚೆ ಸಿಕ್ಕ ಬಿಡುವು ಇದು. ತೋಟ, ಗದ್ದೆಗೆ ಪೂಜೆ ಮಾಡುವ ಭೂಮಿ ಹುಣ್ಣಿಮೆ ಮಾತ್ರ ತಪ್ಪುತ್ತಿತ್ತು. ಅದನ್ನು ಭಾವನ ಅಣ್ಣ ನೋಡಿಕೊಳ್ಳುವುದು ಅಂತ ಮನೆಯಲ್ಲಿ ಮಾತಾಗಿತ್ತು.

ವೀಸಾ ತಲೆನೋವಿಲ್ಲ. ಮನೆಯಲ್ಲೇ ಕೂತು ಇ-ವೀಸಾ ಮಾಡಿಸಬಹುದು, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ತಲೆ ಕೆಡುವುದು ದುಡ್ಡಿನ ಲೆಕ್ಕದಲ್ಲಿ. ಒಂದು ರೂಪಾಯಿಗೆ ಹತ್ತಿರ ಹತ್ತಿರ 300 ಡಾಂಗ್. ಹತ್ತು ಸಾವಿರ ರೂಪಾಯಿ ಕೊಟ್ಟರೆ ಕೈಗೆ ಸುಮಾರು 30 ಲಕ್ಷ ಬರುತ್ತದೆ. ಅಕ್ಕ "30 ಸಾವಿರ ಅಂದ್ರೆ ನೂರು ರೂಪಾಯಿ, ಅಷ್ಟೇ ನೆನಪಿಡು" ಅಂತ ಸೂತ್ರ ಮಾಡಿಕೊಂಡಳು. ಪ್ರವಾಸ ಪೂರ್ತಿ ಅದೇ ನಡೆಯಿತು. ಹೋಗುವವರಿಗೆ ಒಂದು ಮಾತು: 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಎರಡರ ಮೇಲೂ ಹೋ ಚಿ ಮಿನ್ಹ್ ಅಜ್ಜನ ಮುಖ. ಬೇರೆ ಬೇರೆ ಜೇಬಲ್ಲಿ ಇಟ್ಟುಕೊಳ್ಳಿ.

ನಾವು ಇಳಿದುಕೊಂಡಿದ್ದು ಬೆನ್ ಥಾನ್ ಮಾರುಕಟ್ಟೆ ಹತ್ತಿರದ ಒಂದು ಓಣಿಯಲ್ಲಿ. ಇಲ್ಲಿಯವರು ಓಣಿಗೆ ಹೆಮ್ ಅನ್ನುತ್ತಾರೆ. ದೊಡ್ಡ ರಸ್ತೆಯಲ್ಲಿ ಗಾಜಿನ ಕಟ್ಟಡ, ಬ್ಯಾಂಕು, ಮಾಲು. ಅದರ ಪಕ್ಕದ ಸಂದಿಯಲ್ಲಿ ಹತ್ತು ಹೆಜ್ಜೆ ಒಳಗೆ ಹೋದರೆ ಬೇರೆಯೇ ಊರು. ಮೂರು ನಾಲ್ಕು ಮೀಟರ್ ಅಗಲದ, ಉದ್ದಕ್ಕೆ ಹಿಂದಕ್ಕೆ ಹೋದ ಮನೆಗಳು. ಮುಂದಿನ ಕೋಣೆಯೇ ಬೈಕ್ ಶೆಡ್ಡು, ಅಲ್ಲೇ ಟಿವಿ, ಅಲ್ಲೇ ಹಿರಿಯರ ಫೋಟೋ ಇಟ್ಟ ಪೂಜೆಯ ಕಟ್ಟೆ. ಮನೆ ನಂಬರಿನಲ್ಲಿ ಗೀಟುಗಳಿರುತ್ತವೆ. ರಸ್ತೆಯ ಎಷ್ಟನೇ ನಂಬರಿನ ಹತ್ತಿರ ಓಣಿ ಒಡೆಯುತ್ತದೋ ಅದು ಮೊದಲು, ಗೀಟಿನ ಆಮೇಲೆ ಮನೆಯ ನಂಬರು. ಓಣಿಯೊಳಗೆ ಇನ್ನೊಂದು ಓಣಿ ಇದ್ದರೆ ಇನ್ನೊಂದು ಗೀಟು. ನೋಡೋಕೆ ಗೋಜಲು, ಆದರೆ ನಮ್ಮ ಬಡಾವಣೆಗಳ ಕ್ರಾಸು-ಮೇನಿಗಿಂತ ನೂರು ಪಾಲು ವಾಸಿ.

ರಸ್ತೆ ದಾಟುವುದು ಇಲ್ಲಿ ಕಲಿಯಬೇಕಾದ ವಿದ್ಯೆ. ಊರಲ್ಲಿ 70 ಲಕ್ಷಕ್ಕೂ ಹೆಚ್ಚು ಬೈಕುಗಳಿವೆ. ಖಾಲಿಯಾಗಲಿ ಅಂತ ಕಾದರೆ ಸಂಜೆಯವರೆಗೂ ಅಲ್ಲೇ ನಿಂತಿರಬೇಕು. ಕೈ ಸ್ವಲ್ಪ ಎತ್ತಿ, ಒಂದೇ ವೇಗದಲ್ಲಿ ನಡೆಯುತ್ತಾ ಹೋಗಬೇಕು. ಓಡಬಾರದು, ಹಿಂದೆ ಬರಬಾರದು. ಅವರೇ ನಿಮ್ಮನ್ನು ಸುತ್ತಿಕೊಂಡು ಹೋಗುತ್ತಾರೆ. ಭಾವ ಮೊದಲನೇ ಸಲವೇ ಆರಾಮಾಗಿ ದಾಟಿದರು. ಅಕ್ಕ ನನ್ನ ತೋಳಿನಲ್ಲಿ ಉಗುರಿನ ಗುರುತು ಬಿಟ್ಟಳು.

ಮಧ್ಯಾಹ್ನ ಹಳೇ ಅಂಚೆ ಕಚೇರಿಗೆ ಹೋದೆವು. 1886ರಿಂದ 1891ರ ನಡುವೆ ಫ್ರೆಂಚರು ಕಟ್ಟಿಸಿದ್ದು. ಐಫೆಲ್ ಟವರಿನ ಐಫೆಲ್ ಮಾಡಿದ್ದು ಅಂತ ಗೈಡುಗಳು ಈಗಲೂ ಹೇಳುತ್ತಾರೆ, ಅದು ಸುಳ್ಳು. ಬೇರೆ ಫ್ರೆಂಚ್ ವಾಸ್ತುಶಿಲ್ಪಿಗಳ ಕೆಲಸ. ಒಳಗೆ ಕಮಾನಿನ ಎತ್ತರದ ಚಾವಣಿ, ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಎರಡು ದೊಡ್ಡ ನಕ್ಷೆ. ಒಂದರಲ್ಲಿ 1892ರ ಟೆಲಿಗ್ರಾಫ್ ತಂತಿಗಳು ಕಾಂಬೋಡಿಯಾದವರೆಗೂ ಹೋಗಿವೆ. ಅದಕ್ಕಿಂತ ನನಗೆ ಇಷ್ಟವಾಗಿದ್ದು ಇದು ಇನ್ನೂ ಅಂಚೆ ಕಚೇರಿಯೇ ಆಗಿರುವುದು. ಒಂದು ಕೌಂಟರಿನಲ್ಲಿ ಯಾರೋ ಪಾರ್ಸೆಲ್ ತೂಗಿಸುತ್ತಿದ್ದರು. ಇನ್ನೊಂದರಲ್ಲಿ ಪ್ರವಾಸಿಗರು ಫ್ರಿಜ್‌ಗೆ ಅಂಟಿಸುವ ಬೊಂಬೆ ಕೊಳ್ಳುತ್ತಿದ್ದರು. ಇಲ್ಲಿ ಒಬ್ಬ ಹಿರಿಯರು ನಿವೃತ್ತಿಯಾದ ಮೇಲೂ ದಶಕಗಳ ಕಾಲ ಉದ್ದ ಬೆಂಚಿನ ತುದಿಯಲ್ಲಿ ಕೂತು, ಜನರಿಗೆ ಫ್ರೆಂಚ್, ಇಂಗ್ಲಿಷ್‌ನಲ್ಲಿ ಕಾಗದ ಬರೆದುಕೊಡುತ್ತಿದ್ದರು. 2023ರಲ್ಲಿ ತೀರಿಕೊಂಡರು. ಆ ಬೆಂಚಿನಲ್ಲೇ ಕೂತು ಅಕ್ಕ ಮೊಮ್ಮಗಳಿಗೆ ಕಾರ್ಡು ಬರೆದು, ಗೋಂದು ಹಚ್ಚಿ ಸ್ಟಾಂಪು ಅಂಟಿಸಿದಳು. ಹತ್ತು ವರ್ಷದ ಹಿಂದೆ ಈ ಕಟ್ಟಡಕ್ಕೆ ಕಣ್ಣು ಕುಕ್ಕುವ ಹಳದಿ ಬಳಿದಿದ್ದರಂತೆ. ಊರಿನವರು ಬೈದ ಮೇಲೆ ತಿಳಿ ಹಳದಿ ಮಾಡಿದರು. ಜನ ಬೈದರೆ ಬಣ್ಣ ಬದಲಾಗುತ್ತದೆ ಅನ್ನೋದೇ ಖುಷಿ.

ಎದುರಿನ ನೋಟ್ರ ಡಾಮ್ ಚರ್ಚು 1880ರದ್ದು. ಇಟ್ಟಿಗೆಯನ್ನೂ ಫ್ರಾನ್ಸಿನಿಂದ ಹಡಗಿನಲ್ಲಿ ತರಿಸಿದ್ದರು. 2017ರಿಂದ ದುರಸ್ತಿ ನಡೆಯುತ್ತಿದೆ, ನಾವು ನೋಡಿದ್ದು ಹೆಚ್ಚಾಗಿ ಕಬ್ಬಿಣದ ಅಟ್ಟಣಿಗೆಯನ್ನೇ. ಅಷ್ಟರಲ್ಲಿ ಮಳೆ ಬಂತು. ಇಲ್ಲಿನ ಮಳೆ ನಮ್ಮ ಹಾಗೆ ದಿನಗಟ್ಟಲೆ ಜಡಿಯುವುದಿಲ್ಲ. ಒಂದು ಗಂಟೆ ಹೊಡೆದು ಸುಮ್ಮನಾಗುತ್ತದೆ. ಬೈಕಿನವರೆಲ್ಲ ಗಾಡಿಯ ಹೆಡ್‌ಲೈಟನ್ನೂ ಸೇರಿಸಿ ಮುಚ್ಚುವ ಪ್ಲಾಸ್ಟಿಕ್ ಕೋಟು ತೊಟ್ಟು ಮುಂದುವರಿದರು. ದೀಪದ ಜಾಗದಲ್ಲಿ ಮಾತ್ರ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ. ಭಾವ "ಇದನ್ನ ನಮ್ಮೂರಲ್ಲಿ ಯಾಕೆ ಯಾರೂ ಮಾರಲ್ಲ?" ಅಂದರು.

ಶನಿವಾರ

ಬೆಳಗ್ಗೆ ಇಂಡಿಪೆಂಡೆನ್ಸ್ ಪ್ಯಾಲೇಸ್. 1975ರ ಏಪ್ರಿಲ್ 30ರಂದು ಉತ್ತರ ವಿಯೆಟ್ನಾಮಿನ ಟ್ಯಾಂಕು ಇದರ ಗೇಟು ಮುರಿದು ಒಳಗೆ ನುಗ್ಗಿತು, ಯುದ್ಧ ಮುಗಿಯಿತು. ಹುಲ್ಲುಹಾಸಿನ ಮೇಲೆ ಟ್ಯಾಂಕುಗಳನ್ನು ಇಟ್ಟಿದ್ದಾರೆ. ಅರಮನೆ ಅಂದಕೂಡಲೇ ಮೈಸೂರಿನದ್ದನ್ನು ನೆನೆಸಿಕೊಂಡು ಹೋಗಬೇಡಿ. ಇದು 1966ರಲ್ಲಿ ಮುಗಿದ ಆಧುನಿಕ ಕಟ್ಟಡ. ಮೊದಲಿದ್ದ ಫ್ರೆಂಚರ ಬಂಗಲೆಯ ಮೇಲೆ 1962ರಲ್ಲಿ ಬಾಂಬು ಬಿದ್ದಾಗ ಅದನ್ನು ಕೆಡವಿ ಇದನ್ನು ಕಟ್ಟಿದರು. ಕಟ್ಟಿಸಲು ಹೊರಟ ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷ ದಿಯೆಮ್ 1963ರಲ್ಲೇ ಕೊಲೆಯಾದ, ಒಳಗೆ ಕಾಲಿಡಲೇ ಇಲ್ಲ. ವಿನ್ಯಾಸ ಮಾಡಿದ ನ್ಗೊ ವಿಯೆಟ್ ತು ವಿಯೆಟ್ನಾಮಿನವರೇ. ಮುಂಭಾಗಕ್ಕೆ ಬಿದಿರಿನ ಗೆಣ್ಣಿನ ಆಕಾರದ ಕಲ್ಲಿನ ತೆರೆ ಹಾಕಿದ್ದಾರೆ, ಬಿಸಿಲು ತಡೆದು ಗಾಳಿ ಬಿಡುತ್ತದೆ. ಎಸಿ ಇಲ್ಲದ ವರಾಂಡದಲ್ಲೂ ತಂಪಾಗಿತ್ತು. ಚಾವಣಿಯ ಮೇಲೆ ಹೆಲಿಕಾಪ್ಟರು, ನೆಲಮಾಳಿಗೆಯಲ್ಲಿ ಯುದ್ಧದ ನಕ್ಷೆಗಳು, ರೇಡಿಯೋ ಯಂತ್ರಗಳು, ಸಾಲಾಗಿ ಹಳೇ ಟೆಲಿಫೋನು. ಅಕ್ಕ ಹೆಚ್ಚು ಹೊತ್ತು ನಿಂತದ್ದು ಅಡುಗೆಮನೆಯ ಪಾತ್ರೆಗಳ ಮುಂದೆ.

ಅಲ್ಲಿಂದ ಯುದ್ಧದ ವಸ್ತುಸಂಗ್ರಹಾಲಯ. 1975ರ ಸೆಪ್ಟೆಂಬರಿನಲ್ಲಿ, ಯುದ್ಧ ಮುಗಿದು ಆರು ತಿಂಗಳೂ ಆಗಿರಲಿಲ್ಲ, ಆಗಲೇ ತೆರೆದಿದ್ದು. ಅಂಗಳದಲ್ಲಿ ಅಮೆರಿಕದ ವಿಮಾನ, ಟ್ಯಾಂಕು. ಮೇಲಿನ ಮಹಡಿಯಲ್ಲಿ ಯುದ್ಧದಲ್ಲಿ ಸತ್ತ ಛಾಯಾಗ್ರಾಹಕರು ತೆಗೆದ ಚಿತ್ರಗಳು, ಎರಡೂ ಕಡೆಯವರವು. ಪಕ್ಕದ ಕೋಣೆಯಲ್ಲಿ ಏಜೆಂಟ್ ಆರೆಂಜ್. ಕಾಡಿನ ಎಲೆ ಉದುರಿಸಲು ಅಮೆರಿಕದವರು 1961ರಿಂದ 1971ರವರೆಗೆ ಕಳೆನಾಶಕಗಳನ್ನು ಸುರಿದರು. ಅದರಲ್ಲಿದ್ದ ಡಯಾಕ್ಸಿನ್ ವಿಷದ ಪರಿಣಾಮ ಮಕ್ಕಳು ಮೊಮ್ಮಕ್ಕಳವರೆಗೂ ಬಂದಿದೆ ಅನ್ನುತ್ತಾರೆ ಇಲ್ಲಿಯವರು. ಆ ಕೋಣೆಯ ಫೋಟೋಗಳ ಬಗ್ಗೆ ಬರೆಯೋಕೆ ಮನಸ್ಸಿಲ್ಲ. ತೋಟಕ್ಕೆ ಔಷಧಿ ಹೊಡೆದು ಗೊತ್ತಿರುವ ಭಾವ ಅಲ್ಲಿಂದ ಹೊರಗೆ ಬಂದವರು ಬಹಳ ಹೊತ್ತು ಮಾತಾಡಲಿಲ್ಲ. ಇದನ್ನು ನೋಡಿದ ಮೇಲೆ ಯುದ್ಧಕಾಲದ ಕು ಚಿ ಸುರಂಗಕ್ಕೆ ಹೋಗುವ ಪ್ಲಾನು ಕೈಬಿಟ್ಟೆವು. ಅರ್ಧ ದಿನ ಬಸ್ಸಿನಲ್ಲಿ ಕೂತು ಹೋಗಿ, ಮತ್ತೆ ಯುದ್ಧವನ್ನೇ ನೋಡುವ ಉತ್ಸಾಹ ಯಾರಿಗೂ ಇರಲಿಲ್ಲ.

ಮಧ್ಯಾಹ್ನ ಬೆನ್ ಥಾನ್ ಹತ್ತಿರದ ಮಾರಿಯಮ್ಮನ್ ಗುಡಿಗೆ ಹೋದೆವು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ತಮಿಳು ವ್ಯಾಪಾರಿಗಳು ಕಟ್ಟಿಸಿದ್ದು. "ಮಾರಮ್ಮ ಇಲ್ಲಿಗೂ ಬಂದ್ಳಾ!" ಅಂತ ಅಕ್ಕ ಚಪ್ಪಲಿ ಬಿಟ್ಟಳು. 1975ರ ನಂತರ ಇಲ್ಲಿನ ಭಾರತೀಯರು ಹೆಚ್ಚಿನವರು ಊರು ಬಿಟ್ಟರು. ಹಾಗಾದರೆ ಗುಡಿ ಯಾಕೆ ತುಂಬಿದೆ? ಬಂದವರೆಲ್ಲ ವಿಯೆಟ್ನಾಮಿನವರು. ಗೋಪುರ ನಮ್ಮ ಕಡೆಯದ್ದು, ಹಚ್ಚುವ ಊದುಬತ್ತಿಯ ಕಟ್ಟು ಅವರ ಕಡೆಯದ್ದು. ಗರ್ಭಗುಡಿಯ ಹಿಂದೆ ಹೋದರೆ ಜನ ಕಲ್ಲಿನ ಗೋಡೆಗೆ ಹಣೆ ಒತ್ತಿ, ಎರಡೂ ಅಂಗೈ ಗೋಡೆಗೆ ಊರಿ, ಪಿಸುಮಾತಿನಲ್ಲಿ ಬೇಡಿಕೊಳ್ಳುತ್ತಿದ್ದರು. ಆಫೀಸಿನ ಐಡಿ ಕಾರ್ಡು ಕೊರಳಲ್ಲೇ ಇದ್ದ ಒಬ್ಬ ಹುಡುಗಿ ಐದು ನಿಮಿಷ ಹಾಗೇ ನಿಂತಿದ್ದಳು. ಮೇಲೆ ನೋಡಿದರೆ ಸುತ್ತ ಗಾಜಿನ ಗೋಪುರಗಳು.

ಸಂಜೆ ನುಯೆನ್ ಹುಯೆ ಬೀದಿ. ಇದು ಮೊದಲು ಕಾಲುವೆ. 1887ರಲ್ಲಿ ಫ್ರೆಂಚರು ಮುಚ್ಚಿ ರಸ್ತೆ ಮಾಡಿದರು, 2015ರಲ್ಲಿ ನಡುಭಾಗವನ್ನು ಜನ ಓಡಾಡಲು ಬಿಟ್ಟರು. ಒಂದು ತುದಿಯಲ್ಲಿ 1908ರ ಸಿಟಿ ಹಾಲ್, ಇನ್ನೊಂದು ತುದಿಯಲ್ಲಿ ನದಿ. ಶನಿವಾರ ಸಂಜೆ ಊರೆಲ್ಲ ಇಲ್ಲೇ ಇತ್ತು: ಸ್ಕೇಟಿಂಗ್ ಮಾಡುವ ಹುಡುಗರು, ರೀಲ್ಸ್ ಮಾಡುವ ಹುಡುಗಿಯರು, ಬಲೂನು, ಹುರಿದ ಹಪ್ಪಳದಂಥದ್ದು. 42ನೇ ನಂಬರಿನ ಹಳೇ ಅಪಾರ್ಟ್‌ಮೆಂಟು ಈಗ ಊರಿನಲ್ಲೇ ಹೆಚ್ಚು ಫೋಟೋ ತೆಗೆಸಿಕೊಳ್ಳುವ ಕಟ್ಟಡ. ಒಂಬತ್ತು ಮಹಡಿ. ಮೊದಲು ಅಮೆರಿಕದ ಅಧಿಕಾರಿಗಳು, ಯುದ್ಧದ ನಂತರ ಹಡಗುಕಟ್ಟೆಯ ನೌಕರರು ಇದ್ದ ಮನೆಗಳು. ಈಗ ಒಂದೊಂದು ಮನೆಯೂ ಒಂದೊಂದು ಕಾಫಿ ಅಂಗಡಿ ಅಥವಾ ಬಟ್ಟೆ ಅಂಗಡಿ. ಲಿಫ್ಟಿಗೆ ಬೇರೆ ದುಡ್ಡು, ನಾವು ಮೆಟ್ಟಿಲು ಹತ್ತಿದೆವು. ಗೋಡೆಯ ಬಣ್ಣ ಕಿತ್ತಿದೆ, ವೈರುಗಳು ನೇತಾಡುತ್ತಿವೆ, ಮಧ್ಯೆ ಒಂದು ಮನೆಯಲ್ಲಿ ಇನ್ನೂ ಸಂಸಾರವಿದೆ. ಬಾಗಿಲ ಸಂದಿಯಲ್ಲಿ ಅಜ್ಜಿಯೊಬ್ಬರು ಟಿವಿ ನೋಡುತ್ತಿದ್ದರು.

ಅಲ್ಲಿ ಕೂತಾಗ ನನಗೆ ಈ ಊರಿನ ಲೆಕ್ಕಾಚಾರ ಸ್ವಲ್ಪ ಹೊಳೆಯಿತು. ಇಲ್ಲಿ ಹಳೆಯದು ಉಳಿಯಬೇಕಾದರೆ ಅದು ದುಡಿಯಬೇಕು. ಅಂಚೆ ಕಚೇರಿ ದುಡಿಯುತ್ತಿದೆ, ಗುಡಿ ದುಡಿಯುತ್ತಿದೆ, ಈ ಅಪಾರ್ಟ್‌ಮೆಂಟು ಹಗಲೂ ರಾತ್ರಿ ದುಡಿಯುತ್ತಿದೆ. ದುಡಿದರೂ ದಾರಿಗೆ ಅಡ್ಡ ನಿಂತರೆ ಕಥೆ ಮುಗಿಯಿತು. ಇದೇ ಬೀದಿಯ ಮೂಲೆಯಲ್ಲಿ 1920ರ ದಶಕದ ಟ್ಯಾಕ್ಸ್ ಅನ್ನುವ ದೊಡ್ಡ ಅಂಗಡಿ ಇತ್ತು. 2016ರಲ್ಲಿ ಕೆಡವಿದರು. ಒಳಗಿನ ಮೊಸಾಯಿಕ್ ಮೆಟ್ಟಿಲನ್ನು ಬಿಚ್ಚಿ ಎತ್ತಿಟ್ಟಿದ್ದಾರೆ ಅನ್ನೋದೊಂದೇ ಸಮಾಧಾನ.

ಭಾನುವಾರ

ಮೆಟ್ರೋ ನೋಡಲು ವಿದೇಶಕ್ಕೆ ಬರಬೇಕಾ ಅಂತ ಕೇಳಬೇಡಿ. ಬೆಂಗಳೂರಿನವರಿಗೆ ಇಲ್ಲಿನ ಮೆಟ್ರೋ ಕಥೆ ತುಂಬಾ ಹತ್ತಿರದ್ದು. 2012ರಲ್ಲಿ ಕೆಲಸ ಶುರು, ಗಡುವಿನ ಮೇಲೆ ಗಡುವು ದಾಟಿ, 2024ರ ಡಿಸೆಂಬರ್ 22ಕ್ಕೆ ಮೊದಲ ರೈಲು ಓಡಿತು. ಜಪಾನಿನ ಸಾಲ, ಜಪಾನಿನ ರೈಲು. ಬೆನ್ ಥಾನ್‌ನಿಂದ ಸುವೊಯ್ ತಿಯೆನ್‌ವರೆಗೆ 19.7 ಕಿಲೋಮೀಟರು, 14 ನಿಲ್ದಾಣ. ಮೊದಲ ಮೂರು ನೆಲದಡಿಯಲ್ಲಿ, ಉಳಿದವು ಕಂಬದ ಮೇಲೆ. ನಾವು ಹತ್ತಿದ ರೈಲಿನಲ್ಲಿ ಆಫೀಸಿಗೆ ಹೋಗುವವರು ಯಾರೂ ಇರಲಿಲ್ಲ. ಅಜ್ಜ-ಅಜ್ಜಿ, ಮೊಮ್ಮಕ್ಕಳು, ಬುತ್ತಿ ಡಬ್ಬ. ಭಾನುವಾರ ಸುಮ್ನೆ ರೈಲಿನಲ್ಲಿ ಹೋಗಿ ಬರೋದೇ ಅವರ ಪ್ರವಾಸ. ರೈಲು ನೆಲದೊಳಗಿಂದ ಮೇಲಕ್ಕೆ ಏರಿ ಬೆಳಕು ಬಂದ ಕೂಡಲೇ ಎಲ್ಲರೂ ಒಂದೇ ಕಡೆಯ ಕಿಟಕಿಗೆ ಮುಗಿಬಿದ್ದರು. ಆ ಕಡೆ 461 ಮೀಟರ್ ಎತ್ತರದ ಲ್ಯಾಂಡ್‌ಮಾರ್ಕ್ 81, 2018ರದ್ದು. ಅದರ ಕಾಲಬುಡದಲ್ಲೇ ತಗಡಿನ ಮನೆಗಳು, ಕಟ್ಟಿದ ದೋಣಿಗಳು, ತಾವರೆ ಎಲೆಯ ಹೊಂಡ.

ನೆಲದಡಿಯ ಮೂರನೇ ನಿಲ್ದಾಣದ ಹೆಸರು ಬಾ ಸಾನ್. ಅಲ್ಲಿ 1790ರಲ್ಲಿ ನುಯೆನ್ ಆನ್ (ಆಮೇಲೆ ಜಿಯಾ ಲಾಂಗ್ ಅಂತ ಚಕ್ರವರ್ತಿಯಾದವನು) ಕಟ್ಟಿಸಿದ ಹಡಗುಕಟ್ಟೆ ಇತ್ತು. 1925ರಲ್ಲಿ ಅಲ್ಲಿನ ಕಾರ್ಮಿಕರು ಮುಷ್ಕರ ಹೂಡಿದಾಗ ಮುಂದಾಳಾಗಿದ್ದವನು ತೊನ್ ದುಕ್ ತಾಂಗ್, ಆಮೇಲೆ ದೇಶದ ಅಧ್ಯಕ್ಷನಾದವನು. ಅವನ ಹೆಸರಿನ ರಸ್ತೆಯಲ್ಲಿ ಫ್ರೆಂಚರ ಕಾಲದ ಇನ್ನೂರಕ್ಕೂ ಹೆಚ್ಚು ದೊಡ್ಡ ಮರಗಳಿದ್ದವು. ಮೆಟ್ರೋಗೆ, ಹೊಸ ಸೇತುವೆಗೆ ಅಂತ ಹೆಚ್ಚಿನವನ್ನು ಕಡಿದರು, ಕೆಲವನ್ನು ಬೇರೆ ಕಡೆ ನೆಟ್ಟರು. ಹಡಗುಕಟ್ಟೆಯ ಜಾಗದಲ್ಲಿ ಈಗ ಐಷಾರಾಮಿ ಅಪಾರ್ಟ್‌ಮೆಂಟು. ಬೆಂಗಳೂರಿನ ಸ್ಯಾಂಕಿ ಕೆರೆ ರಸ್ತೆಯ ಮರಗಳ ಗಲಾಟೆ ನೆನಪಿರುವವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮೆಟ್ರೋ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ನಿಲ್ದಾಣದಿಂದ ಹೊರಗೆ ಬಂದು ಆ ಬಿಸಿಲಲ್ಲಿ ನದಿಯವರೆಗೆ ನಡೆದಾಗ ಮರಗಳಿದ್ದಿದ್ದರೆ ಅನ್ನಿಸದೇ ಇರುವುದಿಲ್ಲ.

ನದಿಗೆ ಹೋದದ್ದು ವಾಟರ್ ಬಸ್ಸಿಗೆ. ಬಾಕ್ ದಾಂಗ್ ಕಟ್ಟೆಯಿಂದ ಟಿಕೆಟ್ 15 ಸಾವಿರ ಡಾಂಗ್, ನಮ್ಮ 50 ರೂಪಾಯಿ. ಗೋಪುರದ ಮೇಲೆ ಹತ್ತಿ ಊರು ನೋಡಲು ಇದರ ಹತ್ತು ಪಟ್ಟಿಗಿಂತ ಜಾಸ್ತಿ ತೆಗೆದುಕೊಳ್ಳುತ್ತಾರೆ. ನನ್ನ ಮಾತು ಕೇಳಿದರೆ ದೋಣಿಯೇ ಸಾಕು. ಈ ದಡದಲ್ಲಿ ನೂರು ವರ್ಷದ ಹೋಟೆಲು, ಬ್ಯಾಂಕಿನ ಗೋಪುರಗಳು. ಆ ದಡ ತು ತಿಯೆಮ್. ಹೊಸ ಊರು ಕಟ್ಟಲು ಅಲ್ಲಿಂದ ಸಾವಿರಾರು ಕುಟುಂಬಗಳನ್ನು ಎಬ್ಬಿಸಿದರು. ಪರಿಹಾರದ ಜಗಳ ವರ್ಷಗಟ್ಟಲೆ ನಡೆಯಿತು. ಈಗಲೂ ಅರ್ಧ ಜಾಗದಲ್ಲಿ ಹುಲ್ಲು, ಅರ್ಧದಲ್ಲಿ ಕ್ರೇನು. ಎಲ್ಲ ಹೋದರೂ ಒಂದು ಹಳೇ ಚರ್ಚು, ಅದರ ಪಕ್ಕದ ಕನ್ಯಾಮಠ ಮಾತ್ರ ಹಟ ಹಿಡಿದು ಉಳಿದಿವೆ.

ಹೆಸರಿನ ವಿಚಾರಕ್ಕೆ ಬಂದರೆ, 1976ರಲ್ಲಿ ಸೈಗಾನ್ ಹೋಗಿ ಹೋ ಚಿ ಮಿನ್ಹ್ ಸಿಟಿ ಆಯಿತು. 2025ರ ಜುಲೈನಲ್ಲಿ ಅಕ್ಕಪಕ್ಕದ ಎರಡು ಪ್ರಾಂತ್ಯಗಳನ್ನು ಇದಕ್ಕೆ ಸೇರಿಸಿದರು, ಜನಸಂಖ್ಯೆ ಸುಮಾರು 1 ಕೋಟಿ 40 ಲಕ್ಷ ಮುಟ್ಟಿತು. ಡಿಸ್ಟ್ರಿಕ್ಟುಗಳನ್ನು ತೆಗೆದು ವಾರ್ಡು ಮಾಡಿದರು. ನಡು ಊರಿನ ಒಂದು ವಾರ್ಡಿಗೆ ಸೈಗಾನ್ ಅಂತಲೇ ಹೆಸರಿಟ್ಟರು. ಟ್ಯಾಕ್ಸಿಯವರು, ಅಂಗಡಿಯವರು ಈಗಲೂ ಡಿಸ್ಟ್ರಿಕ್ಟ್ 1 ಅಂತಲೇ ಹೇಳುತ್ತಾರೆ. ಅವರು ಮೂರನ್ನು ಸೇರಿಸಿ ಒಂದು ಮಾಡಿದ ಎರಡೇ ತಿಂಗಳಿಗೆ ನಾವು ಬೆಂಗಳೂರನ್ನು ಐದು ಪಾಲಿಕೆ ಮಾಡಿದೆವು. ಎರಡರಲ್ಲಿ ಯಾವುದರಿಂದ ಚರಂಡಿ ಸರಿಹೋಗುತ್ತದೋ ನೋಡೋಣ.

ಊಟದ ವಿಷಯ ಹೇಳಲೇ ಇಲ್ಲ. ನಾವು ಮೂವರೂ ಸಸ್ಯಾಹಾರಿಗಳು. ಹೊರಡುವಾಗ ಎಲ್ಲರೂ ಹೆದರಿಸಿದ್ದರು, ಅಕ್ಕ ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡಿದ್ದಳು. ಬೇಕೇ ಆಗಲಿಲ್ಲ. ಇಲ್ಲಿ ಬೌದ್ಧರು ಸಸ್ಯಾಹಾರಕ್ಕೆ ಚಾಯ್ ಅನ್ನುತ್ತಾರೆ. ಆ ಬೋರ್ಡು ಇದ್ದರೆ ಮೀನಿನ ಸಾಸಿನ ಭಯವೂ ಇಲ್ಲ. ಅವತ್ತು ರಾತ್ರಿ ಬಾನ್ ಸೆಯೊ ತಿಂದೆವು. ಅಕ್ಕಿ ಹಿಟ್ಟು, ಅರಿಶಿನ, ತೆಂಗಿನಹಾಲು ಕಲಸಿ ಕಾದ ಬಾಣಲೆಗೆ ಸುರಿದು, ಒಳಗೆ ಅಣಬೆ, ಮೊಳಕೆ ಕಾಳು ಹಾಕಿ ಮಡಚುತ್ತಾರೆ. ಅದನ್ನು ಮುರಿದು ಸೊಪ್ಪಿನ ಎಲೆಯಲ್ಲಿ ಸುತ್ತಿ ತಿನ್ನಬೇಕು. "ನೀರ್ ದೋಸೆಗೆ ಅರಿಶಿನ ಹಾಕಿ ಎಣ್ಣೆ ಜಾಸ್ತಿ ಮಾಡಿದ್ದಾರೆ" ಅಂತ ಅಕ್ಕ ತೀರ್ಪು ಕೊಟ್ಟು ಇನ್ನೊಂದು ಹೇಳಿದಳು.

ಸೋಮವಾರ

ಭಾವ ಕಾದಿದ್ದ ದಿನ. ಬೆಳಗ್ಗೆ ಚೊಲಾನ್‌ಗೆ ಹೋದೆವು. ಇದು ಚೀನೀಯರ ಊರು, ಮೊದಲು ಸೈಗಾನ್‌ನಿಂದ ಬೇರೆಯೇ ಇತ್ತು. ಇಲ್ಲಿನ ಬಿನ್ ತಾಯ್ ಮಾರುಕಟ್ಟೆಯನ್ನು 1928ರಲ್ಲಿ ಕ್ವಾಚ್ ದಾಮ್ ಎಂಬ ಚೀನೀ ವ್ಯಾಪಾರಿ ಕಟ್ಟಿಸಿದ. ಗುಜರಿ ಆರಿಸುತ್ತಾ ಶುರು ಮಾಡಿ ದೊಡ್ಡ ಸಾಹುಕಾರನಾದವನು ಅಂತ ಕಥೆ ಹೇಳುತ್ತಾರೆ. ನಡು ಅಂಗಳದಲ್ಲಿ ಅವನ ಪ್ರತಿಮೆಯ ಸ್ಮಾರಕವಿದೆ, ಜನ ಊದುಬತ್ತಿ ಹಚ್ಚುತ್ತಾರೆ. ಬೆನ್ ಥಾನ್ ಪ್ರವಾಸಿಗರ ಮಾರುಕಟ್ಟೆ, ಇದು ಸಗಟು ಮಾರುಕಟ್ಟೆ. ಒಣ ಅಣಬೆ, ಒಣ ಸೀಗಡಿ, ಪ್ಲಾಸ್ಟಿಕ್ ಚಪ್ಪಲಿಯ ಗೋಣಿ, ಟೋಪಿಯ ಗೋಪುರ. ಸಂದಿಯಲ್ಲಿ ಕೈಗಾಡಿ ಬಂದರೆ ನಾವೇ ಗೋಡೆಗೆ ಅಂಟಿಕೊಳ್ಳಬೇಕು.

ಮೆಣಸಿನ ಅಂಗಡಿ ಸಿಕ್ಕಿತು. ಐವತ್ತು ದಾಟಿದ ಹೆಂಗಸು, ಮುಂದೆ ಬಾಯಿ ಬಿಚ್ಚಿದ ಮೂಟೆಗಳು. ಭಾವ ಕೂತೇಬಿಟ್ಟರು. ಒಂದು ಹಿಡಿ ಕಾಳು ಅಂಗೈಯಲ್ಲಿ ತೆಗೆದುಕೊಂಡು ಇನ್ನೊಂದು ಅಂಗೈಯಿಂದ ಉಜ್ಜಿ, ಊದಿದರು. ಜೊಳ್ಳು ಹಾರಲಿಲ್ಲ. ಒಂದು ಕಾಳನ್ನು ಹಲ್ಲಲ್ಲಿ ಕಡಿದರು, ಟಕ್ ಅಂತ ಸದ್ದು ಬಂತು. "ಒಣಗಿಸಿದ್ದು ಸರಿ ಇದೆ" ಅಂದರು, ಬೇಸರದಿಂದ. ಆಮೇಲೆ ಕೈಸನ್ನೆಯಲ್ಲಿ ಲೀಟರಿಗೆ ಎಷ್ಟು ಗ್ರಾಂ ತೂಗುತ್ತದೆ ಅಂತ ಕೇಳಿದರು. ಮೆಣಸಿನವರಿಗೆ ಅದೇ ಜಾತಕ. ಆ ಹೆಂಗಸಿಗೆ ಕೂಡಲೇ ಅರ್ಥವಾಯಿತು. ಕ್ಯಾಲ್ಕುಲೇಟರಿನಲ್ಲಿ 550 ಒತ್ತಿ ತೋರಿಸಿದಳು. ಭಾವ ತಮ್ಮ ಫೋನಿನಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯ ಫೋಟೋ ತೋರಿಸಿದರು. ಅವಳು ತನ್ನ ಫೋನು ತೆಗೆದು ದಾಕ್ ಲಾಕ್ ಪ್ರಾಂತ್ಯದ ತೋಟ ತೋರಿಸಿದಳು: ಸಾಲಾಗಿ ನಿಂತ ಕಾಂಕ್ರೀಟ್ ಕಂಬ, ಒಂದೊಂದಕ್ಕೂ ಬುಡದಿಂದ ತುದಿಯವರೆಗೆ ದಟ್ಟ ಬಳ್ಳಿ. ಅವಳ ತಮ್ಮನದ್ದಂತೆ. ಸೊರಗಿ ಒಣಗಿದ ಬಳ್ಳಿಯ ಫೋಟೋ ಕೂಡ ಇತ್ತು. ಭಾವ ಅದನ್ನು ಹಿಗ್ಗಿಸಿ ನೋಡಿ "ಸೊರಗು ರೋಗ, ನಮ್ಮಲ್ಲೂ ಇದೇ" ಅಂತ ತಲೆ ಆಡಿಸಿದರು.

ಲೆಕ್ಕ ನೋಡಿದರೆ ಭಾವನ ಸಿಟ್ಟು ಸುಮ್ಮನೆ ಅಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆದು ಮಾರುವ ದೇಶ ಇದು. ಇಲ್ಲಿನ ಮೆಣಸು ಶ್ರೀಲಂಕಾ ದಾರಿ ಹಿಡಿದು ಅಗ್ಗಕ್ಕೆ ಬರುತ್ತದೆ ಅಂತ ನಮ್ಮ ಬೆಳೆಗಾರರು ಗಲಾಟೆ ಮಾಡಿದ ಮೇಲೆ, 2017ರ ಡಿಸೆಂಬರಿನಲ್ಲಿ ನಮ್ಮ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಇಟ್ಟಿತು. ಕಾಫಿಯಲ್ಲೂ ಹಾಗೇ. ಬ್ರೆಜಿಲ್ ಬಿಟ್ಟರೆ ವಿಯೆಟ್ನಾಂ, ಅದರಲ್ಲೂ ಬಹುಪಾಲು ರೊಬಸ್ಟಾ. ಆದರೆ ಆ ಹೆಂಗಸಿನ ಎದುರು ಈ ಲೆಕ್ಕ ಯಾವುದೂ ಬಾಯಿಗೆ ಬರಲಿಲ್ಲ. ಅವಳು ಪ್ಲಾಸ್ಟಿಕ್ ಸ್ಟೂಲು ಎಳೆದು ಕೊಟ್ಟಳು, ಭಾವ ಅರ್ಧ ಗಂಟೆ ಕೂತರು. ಹೊರಡುವಾಗ ಕಾಲು ಕಿಲೋ ಮೆಣಸು ಕೊಂಡರು. ಮೆಣಸು ಬೆಳೆಯುವ ಮನೆಗೆ ಮೆಣಸು ಯಾಕೆ ಅಂತ ಅಕ್ಕ ಕೇಳಿದ್ದಕ್ಕೆ "ಸ್ಯಾಂಪಲ್ಲು" ಅಂದರು.

ಮೂಲೆಯ ಓಣಿಯಲ್ಲಿ ಬಟ್ಟೆಯಲ್ಲಿ ಸೋಸುವ ಕಾಫಿ ಸಿಕ್ಕಿತು. ಊರೆಲ್ಲ ಈಗ ಫಿನ್ ಎನ್ನುವ ಪುಟ್ಟ ಲೋಹದ ಫಿಲ್ಟರು, ಇಲ್ಲವೇ ಎಸಿ ಹಾಕಿದ ಕಾಫಿ ಅಂಗಡಿ. ಇದು ಅದಕ್ಕಿಂತ ಹಳೆಯದು. ಹಿಡಿಕೆ ಇರುವ ಉದ್ದನೆಯ ಬಟ್ಟೆ ಚೀಲ, ಕಾಫಿ ಕುಡಿದೂ ಕುಡಿದೂ ಕಪ್ಪಾಗಿದೆ. ಅದರಲ್ಲಿ ಪುಡಿ ಹಾಕಿ ಕುದಿಯುವ ನೀರು ಸುರಿದು, ಚೀಲದ ಸಮೇತ ಮಣ್ಣಿನ ಮಡಕೆಯಲ್ಲಿ ಇಳಿಬಿಟ್ಟು ಕೆಂಡದ ಮೇಲೆ ಇಡುತ್ತಾರೆ. ಅಮ್ಮ ಕೂಡ ಬಟ್ಟೆಯಲ್ಲೇ ಸೋಸುತ್ತಿದ್ದಳು, ಫಿಲ್ಟರು ನಮ್ಮ ಮನೆಗೆ ಬಂದದ್ದು ಆಮೇಲೆ. ಕಾಫಿ ಗಟ್ಟಿ, ಕಹಿ, ಮೇಲೆ ಡಬ್ಬದ ಹಾಲು. ಹುರಿಯುವಾಗ ಬೆಣ್ಣೆ, ಸಕ್ಕರೆ ಸೇರಿಸುವುದು ಇಲ್ಲಿನ ರೂಢಿ, ಬಾಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಭಾವ ಮೊದಲ ಗುಟುಕಿಗೆ ಮುಖ ಸಿಂಡರಿಸಿ "ಇದು ಕಾಫಿ ಅಲ್ಲ, ಕಷಾಯ" ಅಂದರು. ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದರು.

ನಮ್ಮ ಪಂಚಾಂಗದಲ್ಲಿ ಭೂಮಿ ಹುಣ್ಣಿಮೆ ಮಂಗಳವಾರ, ಅವರ ಲೆಕ್ಕದಲ್ಲಿ ಹುಣ್ಣಿಮೆ ಈ ಸೋಮವಾರವೇ. ಚಾಂದ್ರಮಾನ ತಿಂಗಳ ಮೊದಲ ದಿನ, ಹುಣ್ಣಿಮೆ ದಿನ ಇಲ್ಲಿ ಬಹಳ ಜನ ಮಾಂಸ ಮುಟ್ಟುವುದಿಲ್ಲ. ಬೀದಿ ಬದಿಯಲ್ಲೆಲ್ಲ ಚಾಯ್ ಅಂತ ರಟ್ಟಿನ ಬೋರ್ಡು ಎದ್ದಿತ್ತು. ತಿಯೆನ್ ಹಾವ್ ಗುಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹದಿನೆಂಟನೇ ಶತಮಾನದಲ್ಲಿ ಕ್ಯಾಂಟನ್ ಕಡೆಯ ವಲಸಿಗರು ಸಮುದ್ರದ ದೇವತೆಗೆ ಕಟ್ಟಿದ್ದು, ಕಡಲು ದಾಟಿ ಜೀವಂತ ಬಂದದ್ದಕ್ಕೆ. ಚಾವಣಿಯ ಅಂಚಿನಲ್ಲಿ ಪಿಂಗಾಣಿಯ ನೂರಾರು ಪುಟ್ಟ ಬೊಂಬೆಗಳು. ಒಳಗೆ ತಲೆಯ ಮೇಲೆ ಸುರುಳಿ ಸುರುಳಿ ಊದುಬತ್ತಿ, ಒಂದೊಂದಕ್ಕೂ ಹರಕೆಯವರ ಹೆಸರಿನ ಕೆಂಪು ಚೀಟಿ.

ಅವರ ಎಂಟನೇ ತಿಂಗಳ ಈ ಹುಣ್ಣಿಮೆಯೇ ಮಕ್ಕಳ ಲ್ಯಾಂಟರ್ನ್ ಹಬ್ಬ. ರಾತ್ರಿ ಲುವೊಂಗ್ ನ್ಯು ಹಾಕ್ ಬೀದಿಗೆ ಹೋದೆವು. ಬೀದಿ ಅಂದರೆ ಬೀದಿ ಪೂರ್ತಿ ಲ್ಯಾಂಟರ್ನು. ಬಿದಿರಿನ ಕಡ್ಡಿಗೆ ಬಣ್ಣದ ಸೆಲ್ಲೋಫೇನ್ ಅಂಟಿಸಿದ ನಕ್ಷತ್ರ, ಮೀನು, ಚಿಟ್ಟೆ. ಪಕ್ಕದಲ್ಲೇ ಬ್ಯಾಟರಿ ಹಾಕಿದರೆ ಹಾಡು ಹೇಳುವ ಪ್ಲಾಸ್ಟಿಕ್ಕಿನವು. ಮಕ್ಕಳಿಗೆ ಹಾಡುವುದೇ ಬೇಕು, ಅಪ್ಪ ಅಮ್ಮಂದಿರಿಗೆ ಬಿದಿರಿನದ್ದರ ಮುಂದೆ ಫೋಟೋ ಬೇಕು. ಫೋಟೋ ಬೇಕಾದರೆ ಏನಾದರೂ ಕೊಳ್ಳಿ ಅನ್ನುವ ಅಂಗಡಿಗಳೂ ಇದ್ದವು, ಅವರ ಮಾತೂ ನ್ಯಾಯವೇ ಅಲ್ವಾ? ಅಕ್ಕ ಒಂದು ನಕ್ಷತ್ರ ಕೊಂಡಳು. ಹಬ್ಬದ ಹೂರಣದ ಕೇಕು ಕೊಳ್ಳುವಾಗ ಮಾತ್ರ ಹುಷಾರು, ಬಹುಪಾಲಿನಲ್ಲಿ ಮೊಟ್ಟೆಯ ಹಳದಿ ಇರುತ್ತದೆ. ಹೆಸರುಬೇಳೆಯದ್ದು, ತಾವರೆ ಬೀಜದ್ದು ಚಾಯ್ ಅಂತ ಬರೆದಿರುವ ಡಬ್ಬದಲ್ಲಿ ಸಿಗುತ್ತದೆ.

ಮಂಗಳವಾರ

ಬೆಳಗ್ಗೆ ಓಣಿಯಲ್ಲಿ ತಿಂಡಿ ತಿನ್ನುವಾಗ ಊರಿನಿಂದ ವಿಡಿಯೋ ಕರೆ. ಭಾವನ ಅಣ್ಣ ಅಡಿಕೆ ಮರದ ಬುಡದಲ್ಲಿ ಎಡೆ ಇಟ್ಟು, ಬೆರಕೆ ಸೊಪ್ಪು ತೋಟಕ್ಕೆಲ್ಲ ಎರಚುತ್ತಿದ್ದರು. ಭಾವ ಫೋನಿಗೇ ಕೈ ಮುಗಿದರು. ಸೂಪಿನ ಗಾಡಿಯ ಹೆಂಗಸು ಇಣುಕಿ ನೋಡಿ, ಏನೂ ಗೊತ್ತಾಗದಿದ್ದರೂ ಅವಳೂ ಮುಗಿದಳು.

ಉಳಿದದ್ದು ಪ್ಯಾಕಿಂಗು. ಬಿದಿರಿನ ನಕ್ಷತ್ರ ಯಾವ ಚೀಲಕ್ಕೂ ಹಿಡಿಸಲಿಲ್ಲ, ಅಕ್ಕ ಕೈಯಲ್ಲೇ ಹಿಡಿದುಕೊಂಡಳು. ಟ್ಯಾಕ್ಸಿ ಎಲೆಕ್ಟ್ರಿಕ್ಕು, ಸದ್ದಿಲ್ಲ. ಮುಂದೆ ಹೋಗುವವರು ಬಹುಶಃ ಇಷ್ಟು ಸುಲಭವಾಗಿ ಊರಿನೊಳಗೆ ಇಳಿಯಲಾರರು. ಲಾಂಗ್ ಥಾನ್‌ನಲ್ಲಿ, ಊರಿನಿಂದ ಸುಮಾರು 40 ಕಿಲೋಮೀಟರ್ ಆಚೆ, ಹೊಸ ವಿಮಾನ ನಿಲ್ದಾಣ ಏಳುತ್ತಿದೆ. ದೇವನಹಳ್ಳಿಗೆ ಹೋಗಿ ಅಭ್ಯಾಸ ಇರುವ ನಮಗೆ ಅದೇನೂ ದೊಡ್ಡದಲ್ಲ.

ಸೆಕ್ಯುರಿಟಿಯ ಸಾಲಿನಲ್ಲಿ ಅಕ್ಕ ಮುಂದಿನ ವರ್ಷ ಹನೋಯ್‌ಗೆ ಬರೋಣ ಅಂದಳು. ಭಾವ ಅದಕ್ಕಿಂತ ದಾಕ್ ಲಾಕ್ ವಾಸಿ ಅಂದರು. ಮೆಣಸಿನ ಹೆಂಗಸು ತಮ್ಮನ ನಂಬರು ಕೊಟ್ಟಿದ್ದಾಳಂತೆ, ಕಾಂಕ್ರೀಟ್ ಕಂಬಕ್ಕೆ ಬಳ್ಳಿ ಹೇಗೆ ನಿಲ್ಲುತ್ತೆ ನೋಡಬೇಕಂತೆ.

"ಮನೆ ಬಾಗಿಲು ತೆಗೆದ್ರೆ ತೋಟ. ತೋಟ ನೋಡೋಕೆ ಯಾರಾದ್ರೂ ವಿಮಾನ ಹತ್ತುತ್ತಾರಾ?" ಅಂದಳು ಅಕ್ಕ.

"ನೀನು ಮೆಟ್ರೋ ನೋಡೋಕೆ ಹತ್ತಲಿಲ್ವಾ?" ಅಂದರು ಭಾವ.